ಭೀಮರಾಜ ಊದಿದ ಎರಡು ವಿಸಲ್

ನಮ್ಮ ಬಸ್ಸು ನನ್ನನ್ನು ಕಾಡಿನಲ್ಲಿ ಬಿಟ್ಟು ಹೋದದ್ದು ಒಟ್ಟು ಮೂರು ಸಲ. ಪ್ರಯಾಣಿಕನಾಗಿದ್ದರೆ ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿರುತ್ತಿರಲಿಲ್ಲ. ಆದರೆ ನಾನು ಆ ಬಸ್ಸಿನ ಕಂಡಕ್ಟರ್. ಮದುಮಗನನ್ನು ಮರೆತು ದಿಬ್ಬಣ ಹೊರಟರೆ ಊರವರು ಎಷ್ಟು ನಗುತ್ತಾರೋ ಅಷ್ಟೂ ನಾನೊಬ್ಬನೇ ನಗಿಸಿದ್ದೇನೆ.

ಅದು ಕೊಳ್ಳೇಗಾಲದ ಒಬ್ಬ ಕಬ್ಬಿಣದಂಗಡಿ ಸಾಹುಕಾರರ ಬಸ್ಸು. ಬೆಳಿಗ್ಗೆ ಏಳಕ್ಕೆ ಕೊಳ್ಳೇಗಾಲ ಬಿಟ್ಟು, ಕಾಮಗೆರೆ, ಹನೂರು, ಲೊಕ್ಕನಹಳ್ಳಿ ದಾಟಿ ಕಾಡು ಹೊಕ್ಕು, ಸೋಲಿಗರ ಒಂದು ಪೋಡಿನ, ಅಂದರೆ ಅವರ ಹಾಡಿಯ, ಹತ್ತಿರ ರಸ್ತೆ ಮುಗಿಯುವಲ್ಲಿಗೆ ಮುಟ್ಟಿ ಹಿಂದಿರುಗುತ್ತಿತ್ತು. ಏರು ಮುಗಿಯುವ ಜಾಗದಲ್ಲಿ ಒಂದು ದೊಡ್ಡ ಬೂರುಗದ ಮರ, ಅದರ ಪಕ್ಕದಲ್ಲಿ ನೀರಿನ ತೊಟ್ಟಿ. ಅಲ್ಲಿಗೆ ಬರುವಷ್ಟರಲ್ಲಿ ನಮ್ಮ ರೇಡಿಯೇಟರು ಒಲೆಯ ಮೇಲಿನ ಹುರುಳಿಯಂತೆ ಕೊತಕೊತ ಅನ್ನುತ್ತಿತ್ತು. ಐದು ನಿಮಿಷ ನಿಲ್ಲಿಸಿ ಅದಕ್ಕೆ ನೀರು ಹೊಯ್ಯುವುದು ನನ್ನ ಕೆಲಸ. ಎಂಜಿನ್ ಮಾತ್ರ ಆಫ್ ಮಾಡುತ್ತಿರಲಿಲ್ಲ. ಬ್ಯಾಟರಿ ನಮ್ಮ ಸಾಹುಕಾರರಷ್ಟೇ ಜಿಪುಣ, ಒಂದು ಸಲ ಕೊಟ್ಟ ಮೇಲೆ ಎರಡನೇ ಸಲ ಕೇಳಿದರೆ ಮುಖ ತಿರುಗಿಸುತ್ತಿತ್ತು.

ಡ್ರೈವರು ಕಾಮಗೆರೆಯವರು. ವಯಸ್ಸಿನಲ್ಲಿ ನನಗೆ ಚಿಕ್ಕಪ್ಪನಾಗಬೇಕು, ಆದರೂ ನಾನು ಅಣ್ಣ ಅನ್ನುತ್ತಿದ್ದೆ. ಮೂವತ್ತು ವರ್ಷ ಸ್ಟಿಯರಿಂಗ್ ಹಿಡಿದವರು. ಮನೆಯಲ್ಲಿ ಕೂತಾಗಲೂ ಅವರ ಕೈಗೆ ಗುಂಡಗಿರುವುದು ಏನಾದರೂ ಬೇಕು, ತಟ್ಟೆ ಸಿಕ್ಕರೆ ತಟ್ಟೆ, ಮೊರ ಸಿಕ್ಕರೆ ಮೊರ ತಿರುಗಿಸುತ್ತಾರೆ ಎಂದು ಅಕ್ಕ, ಅಂದರೆ ಅವರ ಹೆಂಡತಿ, ದೂರುತ್ತಿದ್ದರು. ಬೇರೆ ಕೆಲಸ ಅವರಿಗೆ ಬರುವುದಿಲ್ಲ. ದಿನವೂ ಕ್ಯಾರಿಯರ್‌ನಲ್ಲಿ ಇಬ್ಬರಿಗಾಗುವಷ್ಟು ಮುದ್ದೆ, ಸಾರು ತರುತ್ತಿದ್ದರು. ನನ್ನ ಮನೆ ಯಳಂದೂರು, ನಾನು ನಸುಕಿನಲ್ಲೇ ಹೊರಡುತ್ತಿದ್ದೆನಾದ್ದರಿಂದ ನನ್ನ ಮಧ್ಯಾಹ್ನದ ಊಟ ಅವರದೇ ಜವಾಬ್ದಾರಿ ಎಂದು ಅವರೇ ತೀರ್ಮಾನಿಸಿಕೊಂಡಿದ್ದರು.

ಅವರದ್ದೊಂದು ನೇಮವಿತ್ತು. ಅದನ್ನು ನನಗೆ ಮೊದಲ ದಿನವೇ ಹೇಳಿದ್ದರು.

“ಒಂದು ವಿಸಲ್ ಬಿದ್ರೆ ನಿಲ್ಸೋದು. ಎರಡು ಬಿದ್ರೆ ಓಯ್ತಾ ಇರೋದು. ಎರಡು ಬಿದ್ ಮ್ಯಾಲೂ ಕನ್ನಡೀಲಿ ಇಂದಕ್ ನೋಡುದ್ರೆ ಕಂಡಕ್ಟರ್ನ ನಂಬ್ನಿಲ್ಲ ಅಂತ ಆಯ್ತದೆ ಕಣ್ಲಾ. ಅದು ಮರ್ವಾದಿ ಅಲ್ಲ.”

ಇಷ್ಟು ಗೌರವ ನನಗೆ ಯಾರೂ ಕೊಟ್ಟಿರಲಿಲ್ಲ. ಮುಂದೆ ಈ ಗೌರವವೇ ನನ್ನನ್ನು ಕಾಡಿನಲ್ಲಿ ಓಡಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲ ಸಲ ಅದಾದದ್ದು ಮುತ್ತುಗ ಹೂ ಬಿಟ್ಟಿದ್ದ ಕಾಲದಲ್ಲಿ. ರೇಡಿಯೇಟರಿಗೆ ನೀರು ಹೊಯ್ದು, ಇನ್ನೊಂದು ಬಕೆಟ್ಟು ಇರಲಿ ಎಂದು ತೊಟ್ಟಿಗೆ ಹೋದೆ. ಕೆಳಗಿಳಿದಿದ್ದ ಜನ ಹತ್ತಿಕೊಂಡರು, ಯಾರೋ ಬಾಗಿಲು ಬಡಿದರು. ನಾನು ಬಕೆಟ್ಟು ಮುಳುಗಿಸುತ್ತಿದ್ದಾಗ ಹಿಂದಿನಿಂದ ಏನೋ ಕೇಳಿಸಿದಂತಾಯಿತು. ತಿರುಗಿ ನೋಡಿದರೆ ಬಸ್ಸು ಹೊರಟಿತ್ತು. ಬಕೆಟ್ಟು ಹಿಡಿದುಕೊಂಡೇ ಓಡಿದೆ. ನೀರು ಅರ್ಧ ರಸ್ತೆಗೆ, ಅರ್ಧ ನನ್ನ ಪ್ಯಾಂಟಿಗೆ. ಮೊದಲ ತಿರುವಿನಲ್ಲಿ ಯಾರಿಗೋ ಟಿಕೆಟ್ ಬೇಕಾಗಿ ಕೂಗಿದಾಗ ಕಂಡಕ್ಟರ್ ಇಲ್ಲವೆಂದು ತಿಳಿದು ನಿಲ್ಲಿಸಿದರಂತೆ. ಅಷ್ಟರವರೆಗೆ ನಾನು ಹಿಂದಿನ ಏಣಿಯ ಮೇಲಿದ್ದೇನೆ ಅಂದುಕೊಂಡಿದ್ದರಂತೆ.

“ಯಾಕಣ್ಣ ತೆಗುದ್ರಿ?” ಎಂದೆ, ಏದುಸಿರು ಬಿಡುತ್ತ.

“ನೀನೇ ತಾನೆ ಊದಿದ್ದು?” ಎಂದರು.

“ನಾ ಊದ್ನಿಲ್ಲ.”

“ಊದ್ದೆ ಕಣ್ಲಾ. ಎರಡು. ಚೆಂದಾಗಿ ಊದ್ದೆ.”

ಸರಿ, ಒಂದು ಸಲ ಯಾರಿಗಾದರೂ ಆಗುತ್ತದೆ ಎಂದು ಸುಮ್ಮನಾದೆ. ಎರಡನೇ ಸಲದ್ದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದ್ದೇನೆ. ಬರೆದೇಬಿಡುತ್ತೇನೆ. ನೀರು ಹೊಯ್ದ ಮೇಲೆ ನಾನು ಬೂರುಗದ ಮರದ ಆಚೆಗೆ, ಗಂಡಸರು ಮರದ ಆಚೆಗೆ ಯಾಕೆ ಹೋಗುತ್ತಾರೋ ಅದಕ್ಕೇ ಹೋಗಿದ್ದೆ. ಅರ್ಧ ಕೆಲಸದಲ್ಲಿ ಎಂಜಿನ್ ಗುಡುಗಿತು. ಬಸ್ಸು ಹೊರಟಿತು. ಒಂದು ಕೈಯಲ್ಲಿ ಬೆಲ್ಟು, ಇನ್ನೊಂದು ಕೈಯಲ್ಲಿ ಟಿಕೆಟ್ ಚೀಲ ಹಿಡಿದು ನಾನು ಓಡಿಬರುವುದನ್ನು ಹಿಂದಿನ ಗಾಜಿನಲ್ಲಿ ಒಂದು ಸಾಲು ಹೆಂಗಸರು ನೋಡಿದರು. ಮುಖ ಮುಚ್ಚಿಕೊಂಡು ನಕ್ಕರು, ಆದರೆ ನಿಲ್ಲಿಸಿ ಎಂದು ಒಬ್ಬರೂ ಹೇಳಲಿಲ್ಲ. ಅಂಥ ನೋಟ ಬೇಗ ಮುಗಿಯಬಾರದು ಎಂದು ಅನ್ನಿಸಿರಬೇಕು. ಕೊನೆಗೆ ಮುಂದಿನ ಸೀಟಿನ ಯಾರೋ ನೋಡಿ ಕೂಗಿ ನಿಲ್ಲಿಸಿದರು.

ಡ್ರೈವರಣ್ಣ ಮತ್ತೆ ಅದೇ ಹೇಳಿದರು: ವಿಸಲ್ ಬಿತ್ತು, ತೆಗೆದೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಮಧ್ಯಾಹ್ನ ಅವರ ಮುದ್ದೆಯನ್ನೇ ಉಂಡು, ಕೈ ತೊಳೆದು, ಅವರು ಹಿಂದಿನ ಸೀಟಿನಲ್ಲಿ ಮಲಗಿದ್ದಾಗ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಸಾಹುಕಾರರಿಗೆ ಕಾಗದ ಬರೆದೆ. ಡ್ರೈವರಿಗೆ ಕಿವಿ ಹೋಗಿದೆ, ಊದಿದ್ದು ಕೇಳಿಸುವುದಿಲ್ಲ, ಊದದೇ ಇದ್ದದ್ದು ಕೇಳಿಸುತ್ತದೆ. ಹೇಳಿದರೆ ಒಪ್ಪುವುದಿಲ್ಲ, ವಯಸ್ಸಾದ ಮೇಲೆ ಅಹಂಕಾರ ಜಾಸ್ತಿಯಾಗಿದೆ. ಇವರನ್ನು ಇಳಿಸದಿದ್ದರೆ ನಾನೇ ಕೆಲಸ ಬಿಡುತ್ತೇನೆ. ಹೀಗೆ. ಮಡಚಿ, ತಟ್ಟೆಗೆ ಅಂಟಿದ್ದ ಮುದ್ದೆಯ ಚೂರು ಹಚ್ಚಿ ಮುಚ್ಚಿದೆ.

ಇನ್ನು ಅದನ್ನು ಕಳಿಸುವುದು ಹೇಗೆ? ಸಂಜೆ ನಾನು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲೇ ಇಳಿದು ಯಳಂದೂರಿನ ಬಸ್ಸು ಹಿಡಿಯಬೇಕು. ಬಸ್ಸನ್ನು ಸಾಹುಕಾರರ ಅಂಗಡಿಯ ಹಿತ್ತಲಿಗೆ ಹಾಕಿ, ಟ್ರಿಪ್ ಶೀಟಿನ ಚೀಲವನ್ನು ಅವರ ಕೈಗೆ ಕೊಡುವವರು ಡ್ರೈವರಣ್ಣ. ಹಾಗಾಗಿ ಅವರ ಮೇಲಿನ ದೂರನ್ನು ಅವರದೇ ಕೈಯಲ್ಲಿ ಕಳಿಸಿದೆ. “ಚೀಲದಾಗೆ ಒಂದು ಕಾಗ್ದ ಅದೆ, ಸಾವ್ಕಾರ್ರಿಗೆ ಕೊಡಿ” ಎಂದೆ. “ಆಯ್ತು” ಎಂದು ಚೀಲವನ್ನು ಜೋಪಾನವಾಗಿ ಸೀಟಿನ ಪಕ್ಕ ಇಟ್ಟುಕೊಂಡರು.

ಮರುದಿನ ಬೆಳಿಗ್ಗೆ ನನ್ನ ಫೋನಿಗೆ ಸಾಹುಕಾರರ ಕರೆ ಬಂತು.

“ಬರೋ ಸೋಮ್ವಾರ ನಾನೇ ಬಸ್ಸಲ್ಲಿ ಬತ್ತೀನಿ. ಕಿವಿ ಓಗಿರೋದು ದಿಟ ಆದ್ರೆ ಅಲ್ಲೇ ಇಳ್ಸೋದೇ. ಬ್ಯಾರೆ ಡ್ರೈವರ್ನ ನೋಡಿವ್ನಿ.”

ಆ ಮಾತು ಕೇಳಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎಂದು ನಮ್ಮಜ್ಜಿ ಸಾವಿರ ಸಲ ಹೇಳಿದ್ದರು. ನಾನು ಇನ್ನೊಬ್ಬರ ಮೂಗನ್ನು ಕೊಯ್ದಿದ್ದೆ. ಅವತ್ತಿನಿಂದ ಡ್ರೈವರಣ್ಣನ ಮುಖ ನೋಡಿ ಮಾತಾಡಲು ನನ್ನ ಕೈಲಾಗಲಿಲ್ಲ. ಅವರು ಎಂದಿನಂತೆಯೇ ಇದ್ದರು. ಇನ್ನೊಂದು ತುತ್ತು ಹಾಕಿಸಿಕೋ ಅನ್ನುತ್ತಿದ್ದರು, ನಾನು ಸಾಕು ಅನ್ನುತ್ತಿದ್ದೆ. ಪಾಪ, ಅವರಿಗೇನೂ ಗೊತ್ತಿಲ್ಲ ಎಂದುಕೊಂಡು ಇನ್ನಷ್ಟು ಕುಗ್ಗುತ್ತಿದ್ದೆ.

ನಡುವೆ ಶುಕ್ರವಾರ ಬಂತು. ಪೋಡಿನ ಅಜ್ಜಿಯೊಬ್ಬರು ವಾರಕ್ಕೊಮ್ಮೆ ಕಾಮಗೆರೆ ಆಸ್ಪತ್ರೆಗೆ ಬಂದು, ಅಲ್ಲೇ ಮಗಳ ಮನೆಯಲ್ಲಿ ಉಳಿದು, ಶುಕ್ರವಾರ ಬೆಳಿಗ್ಗೆ ನಮ್ಮ ಬಸ್ಸಿನಲ್ಲಿ ಹಿಂದಿರುಗುತ್ತಿದ್ದರು. ಅಂದು ಬೂರುಗದ ಮರದ ಹತ್ತಿರ ನೀರು ಹೊಯ್ದು ನಾನು ಹತ್ತಿದ ಮೇಲೆ ಅವರು ನನ್ನ ಬಾಯಿಗೆ ಒಂದು ದಪ್ಪ ಕಡ್ಲೆಮಿಠಾಯಿ ತುರುಕಿದರು. ಮೇಲಿನ ಹಲ್ಲು ಕೆಳಗಿನ ಹಲ್ಲು ಒಂದಕ್ಕೊಂದು ಅಂಟಿಕೊಂಡವು. ವಿಸಲ್ ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಯಾರೋ ಬಾಗಿಲು ಬಡಿದರು. ಆಗ ಬಂತು, ಪೀ, ಪೀ. ಡ್ರೈವರಣ್ಣ ಗೇರು ಹಾಕಿ ಹೊರಟೇಬಿಟ್ಟರು.

ನಾನು ಊದಿರಲಿಲ್ಲ. ಆ ಬಾಯಲ್ಲಿ ದೇವರೂ ಊದಲಾರ. ಆದರೆ ನನಗೂ ಸ್ಪಷ್ಟವಾಗಿ ಕೇಳಿಸಿತ್ತು. ನನ್ನ ವಿಸಲ್ಲಿನದೇ ದನಿ, ಎರಡರ ನಡುವೆ ನಾನು ಬಿಡುವಷ್ಟೇ ಬಿಡುವು. ನಾನು ಕಣ್ಣು ಬಿಟ್ಟುಕೊಂಡು ನಿಂತದ್ದನ್ನು ನೋಡಿ ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ಯಾಕಪ್ಪ ಎದುರ್ಕತೀಯ? ಅದು ಭೀಮರಾಜ. ಅಗೋ ನೋಡು.”

ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಕಪ್ಪಗೆ, ಮೈನಾಗಿಂತ ತುಸು ದೊಡ್ಡದಾದ ಹಕ್ಕಿ. ಬಿಸಿಲು ಬಿದ್ದ ಕಡೆ ಮೈ ನೀಲಿಯಾಗಿ ಹೊಳೆಯುತ್ತಿತ್ತು. ನೆತ್ತಿಯ ಮುಂದೆ ಎಣ್ಣೆ ಹಚ್ಚಿ ತಿರುವಿದಂಥ ಜುಟ್ಟು. ಬಾಲದಿಂದ ಎರಡು ತಂತಿ ಉದ್ದಕ್ಕೆ ಹೊರಟು, ತುದಿಯಲ್ಲಿ ಒಂದೊಂದು ಕಪ್ಪು ಗರಿಯ ಬಿಲ್ಲೆ. ಹಾರಿದಾಗ ಎರಡು ದುಂಬಿಗಳು ಅದರ ಬೆನ್ನು ಹತ್ತಿದ ಹಾಗೆ ಕಾಣುತ್ತಿತ್ತು. ನಮ್ಮ ಬಸ್ಸಿನ ಹಿಂದೆಯೇ ಬಂದು, ಚಕ್ರಕ್ಕೆ ಎದ್ದ ತರಗೆಲೆಯ ನಡುವಿನಿಂದ ಏನನ್ನೋ ಗಬಕ್ಕನೆ ಹಿಡಿದು ನುಂಗಿತು.

ಅಜ್ಜಿ ವಿವರಿಸಿದರು. “ದನ ಮೇಯೋ ಕಡೆ, ಕೋತಿ, ಮುಸ್ಯ ಕುಣಿಯೋ ಕಡೆ ಎಲ್ಲ ಅದು ಇಂದಿಂದೇ ಓಯ್ತದೆ. ಉಲ್ಲಿಂದ ಉಳ ಏಳ್ತವಲ್ಲ, ಅದ ಇಡ್ಕತದೆ. ನಿಮ್ ಬಸ್ಸೂ ದನ ಅಂದ್ಕಂಡದೆ. ನೀನು ಪೀ ಪೀ ಅಂದ್ರೆ ಈ ದನ ಏಳ್ತದೆ ಅಂತ ಕಲ್ತ್ಕಂಡದೆ. ಅದುಕ್ಕೇ ಅಸಿವಾದಾಗ ಅದೇ ಏಳುಸ್ತದೆ.”

ಅಂದರೆ ಇಷ್ಟು ದಿನ ನಮ್ಮ ಬಸ್ಸಿಗೆ ಇಬ್ಬರು ಕಂಡಕ್ಟರುಗಳಿದ್ದರು, ಅದರಲ್ಲಿ ಒಬ್ಬ ಹುಳ ತಿನ್ನುತ್ತಿದ್ದ.

ಸದ್ಯ ಬದುಕಿದೆ ಎಂದುಕೊಂಡೆ. ಅಣ್ಣನ ಕಿವಿ ಸರಿಯಿದೆ, ಇಲ್ಲದ್ದು ಅವರಿಗೆ ಕೇಳಿಸಿಲ್ಲ, ಇದ್ದದ್ದೇ ಕೇಳಿಸಿದೆ. ಹನೂರಿನಲ್ಲಿ ಊಟಕ್ಕೆ ಕೂತಾಗ ಮಿಠಾಯಿಯ ಅಂಟು ಬಿಟ್ಟ ಬಾಯಲ್ಲಿ ಎಲ್ಲವನ್ನೂ ಒದರಿದೆ. ಅವರು ಕೇಳಿ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಕಪ್ಪಿಟ್ಟಿತು.

“ಮೂವತ್ತು ವರ್ಸ ಸರ್ವೀಸಾದೋನು ಪಕ್ಸಿ ಮಾತು ಕೇಳ್ಕಂಡು ಗಾಡಿ ತೆಗ್ದೆ ಅಂತೀಯಾ?”

“ಅಲ್ಲಣ್ಣ, ನಿಮ್ ತಪ್ಪಿಲ್ಲ ಅಂತ ಯೋಳ್ತಾ ಇವ್ನಿ.”

“ಕಿವುಡ ಅಂತ ಬೇಕಾರೆ ಯೋಳು, ತಡ್ಕತೀನಿ. ಪಕ್ಸಿ ಯಾಮಾರಿಸ್ತು ಅಂತ ಮಾತ್ರ ಯಾರ್ತಾವೂ ಯೋಳ್ಬ್ಯಾಡ. ನಮ್ಮೂರಲ್ಲಿ ತಲೆ ಎತ್ಕಂಡ್ ತಿರ್ಗಂಗಿಲ್ಲ.”

ಇಂಥವರನ್ನು ಉಳಿಸುವುದು ಹೇಗೆ ಹೇಳಿ. ಉಳಿದದ್ದು ಎರಡೇ ದಿನ. ಶನಿವಾರ, ಭಾನುವಾರ ಆ ಐದೈದು ನಿಮಿಷವೂ ನಾನು ಬೂರುಗದ ಮರದ ಕೆಳಗೆ ತಲೆಯೆತ್ತಿ ನಿಂತೆ. ಕತ್ತು ಹಿಡಿದುಕೊಂಡಿತು. ಪ್ರಯಾಣಿಕರೊಬ್ಬರು ನನಗೆ ಗಾಳಿ ಮೆಟ್ಟಿಕೊಂಡಿದೆ ಎಂದು ಅಂತ್ರ ಕಟ್ಟಿಸಲು ಹೇಳಿದರು.

ಆಮೇಲಿನ ವರ್ಷಗಳಲ್ಲೂ ಆ ಹಕ್ಕಿಯನ್ನು ನಾನು ನೋಡುತ್ತಲೇ ಬಂದಿದ್ದೇನೆ, ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಭೀಮರಾಜನಷ್ಟು ಅಧಿಕಪ್ರಸಂಗಿ ಆ ಕಾಡಿನಲ್ಲಿ ಇನ್ನೊಬ್ಬನಿಲ್ಲ. ಬೆಳಕು ಹರಿಯುವ ಮುಂಚೆ ಎಲ್ಲರಿಗಿಂತ ಮೊದಲು ಶುರುಮಾಡುತ್ತಾನೆ, ಹೊತ್ತು ಮುಳುಗಿದ ಮೇಲೆ ಎಲ್ಲರಿಗಿಂತ ಕೊನೆಗೆ ಬಾಯಿ ಮುಚ್ಚುತ್ತಾನೆ. ಒಬ್ಬನೇ ತಿರುಗುವುದು ಕಡಿಮೆ. ಹರಟೆಮಲ್ಲಗಳು ನೆಲ ಕೆದರುವ ಕಡೆ, ಮರಕುಟಿಗ ತೊಗಟೆ ಕುಟ್ಟುವ ಕಡೆ ಹೋಗಿ ಮೇಲಿನ ಕೊಂಬೆಯಲ್ಲಿ ಮೇಸ್ತ್ರಿಯ ಹಾಗೆ ಕೂರುತ್ತಾನೆ. ದುಡಿಯುವವರು ಅವರು, ಎದ್ದ ಹುಳ ಹಿಡಿಯುವವನು ಇವನು. ಯಾರ ಬಾಯಲ್ಲಾದರೂ ದಪ್ಪ ಹುಳ ಕಂಡರೆ ಗಿಡುಗನ ದನಿಯಲ್ಲಿ ಕಿರುಚುತ್ತಾನೆ. ಅವರು ಹುಳ ಬಿಟ್ಟು ಓಡುತ್ತಾರೆ, ಇವನು ಇಳಿದು ತಿನ್ನುತ್ತಾನೆ. ಬೂರುಗ ಹೂ ಬಿಟ್ಟಾಗ ಮಾತ್ರ ಹುಳದ ಜೊತೆ ಜೇನೂ ಬೇಕು, ಮುಖಕ್ಕೆಲ್ಲ ಹೂವಿನ ಬಂಡು ಬಳಿದುಕೊಂಡು ಮದುವೆ ಮನೆಯ ಮಗುವಿನಂತೆ ಕಾಣುತ್ತಾನೆ.

ಇಷ್ಟಾದರೂ ಅವನಲ್ಲೊಂದು ಗಂಡಸ್ತನವಿದೆ, ಒಪ್ಪಿಕೊಳ್ಳಬೇಕು. ಬೇಸಿಗೆಯಲ್ಲಿ ಎತ್ತರದ ಮತ್ತಿ ಮರದ ಕವಲಿನ ತುದಿಯಲ್ಲಿ, ಕೆಳಗಿನಿಂದ ನೋಡಿದರೆ ಆಕಾಶ ಕಾಣುವಷ್ಟು ತೆಳ್ಳಗಿನ ಬಟ್ಟಲು ಗೂಡು ಕಟ್ಟುತ್ತಾರೆ, ಗಂಡ ಹೆಂಡತಿ ಇಬ್ಬರೂ. ಆಗ ಆ ಮರದ ಹತ್ತಿರ ಹದ್ದು ಬಂದರೂ ಸರಿ, ತನಗಿಂತ ಹತ್ತರಷ್ಟು ದೊಡ್ಡ ಮಂಗಟ್ಟೆ ಹಕ್ಕಿ ಬಂದರೂ ಸರಿ, ಬೆನ್ನ ಮೇಲೆ ಎರಗಿ ಓಡಿಸುತ್ತಾನೆ. ಅದೇ ಕಾಡಿನಲ್ಲಿ ನಾನು ಬೆಲ್ಟು ಹಿಡಿದು ಓಡಿದ್ದೇನೆ.

ಸೋಮವಾರ ಬಂತು. ಸಾಹುಕಾರರು ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಜುಬ್ಬ, ಕೈಯಲ್ಲೊಂದು ಕೊಡೆ ಸಮೇತ ಮುಂದಿನ ಸೀಟಿನಲ್ಲಿ ಬಂದು ಕೂತರು. ಹನೂರು ಬರುವಷ್ಟರಲ್ಲಿ ನಾನು ಅವರ ಕಿವಿಯಲ್ಲಿ ಹಕ್ಕಿಯ ಕತೆ ಹೇಳಿ ಮುಗಿಸಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ವಾರದಿಂದೆ ಕಿವುಡ ಅಂದೆ. ಈಗ ಪಕ್ಸಿ ಅಂತೀಯೆ. ನಾಳೀಕೆ ಉಲಿ ಬಂದು ಟಿಕೆಟ್ ಅರೀತು ಅಂತೀಯ. ಕೊಡಿಲ್ಲಿ ಆ ವಿಸಲ್ಲ. ನೀನೇ ಊದ್ಬುಟ್ಟು ಪಕ್ಸಿ ಮ್ಯಾಲೆ ಆಕ್ಬುಟ್ರೆ?”

ವಿಸಲ್ ಅವರ ಜುಬ್ಬದ ಜೇಬು ಸೇರಿತು. ಬೂರುಗದ ಮರದವರೆಗೆ ನಾನು ಕೈ ಚಪ್ಪಾಳೆ ತಟ್ಟಿಯೇ ಬಸ್ಸು ನಡೆಸಿದೆ.

ಅಲ್ಲಿ ನಿಂತಾಗ ನಾನೊಂದು ಬುದ್ಧಿವಂತಿಕೆ ಮಾಡಿದೆ. ಹಕ್ಕಿಯ ದನಿ ಸಾಹುಕಾರರಿಗೆ ಸ್ವಚ್ಛವಾಗಿ ಕೇಳಿಸಲಿ ಎಂದು ಎಂಜಿನ್ ಆಫ್ ಮಾಡಿಸಿದೆ. ಬೇಡ ಕಣ್ಲಾ ಎಂದು ಡ್ರೈವರಣ್ಣ ಕೈ ಆಡಿಸಿದರು, ನಾನು ಕೇಳಲಿಲ್ಲ. ಎಲ್ಲರನ್ನೂ ಇಳಿಸಿ, ಸದ್ದು ಮಾಡಬೇಡಿ ಎಂದು ಕೈಮುಗಿದೆ. ಮೂವತ್ತು ಜನ ಬಾಯಿ ಮುಚ್ಚಿಕೊಂಡು ಮರ ನೋಡುತ್ತ ನಿಂತರು. ಸಾಹುಕಾರರು ತೊಟ್ಟಿಯ ಕಟ್ಟೆಯ ಮೇಲೆ ಕೊಡೆ ಬಿಚ್ಚಿ ಕೂತರು.

ಭೀಮರಾಜ ಬಂದ. ಅಷ್ಟು ಜನ ಸೇರಿದ್ದು ಅವನಿಗೆ ಬಹಳ ಹಿಡಿಸಿತೆಂದು ಕಾಣುತ್ತದೆ, ಎದುರಿನ ಕೊಂಬೆಯ ಮೇಲೇ ಕೂತು ಕಚೇರಿ ಶುರುಮಾಡಿದ. ಮೊದಲು ಗಿಡುಗ. ಆಮೇಲೆ ಗಿಳಿ ಹಿಂಡು. ಹರಟೆಮಲ್ಲಗಳ ಜಗಳ, ಒಬ್ಬನೇ ಏಳು ದನಿಯಲ್ಲಿ. ಕೆಂಜಳಿಲಿನ ಕಟಕಟ. ಪೋಡಿನ ಕಡೆಯಿಂದ ಕಲಿತದ್ದಿರಬೇಕು, ಒಂದು ಬೆಕ್ಕು, ಒಂದು ಮೇಕೆ ಮರಿ. ಜನ ಸದ್ದು ಮಾಡಬಾರದೆಂಬುದನ್ನು ಮರೆತು ವಾರೆವ್ಹಾ ಅನ್ನತೊಡಗಿದರು. ಯಾರೋ ಕೋಳಿ ಮಾಡು ಎಂದು ಕೇಳಿದರು. ವಿಸಲ್ ಒಂದು ಬಿಟ್ಟು ಮಿಕ್ಕೆಲ್ಲ ಆಯಿತು.

“ಪೀ ಪೀ,” ಎಂದು ನಾನು ಬಾಯಲ್ಲೇ ಹೇಳಿಕೊಟ್ಟೆ. “ಪೀ ಪೀ ಅನ್ನಪ್ಪ.”

ಅವನು ತಲೆ ಓರೆ ಮಾಡಿ ನನ್ನನ್ನು ನೋಡಿ ಮಿಯಾವ್ ಎಂದ.

ಅರ್ಧ ಗಂಟೆ ಕಳೆಯಿತು. ಸಾಹುಕಾರರು ಕೊಡೆ ಮಡಚಿ ಎದ್ದರು. ಡ್ರೈವರಣ್ಣನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು.

“ನೋಡಪ್ಪ, ಬೇಜಾರ್ ಮಾಡ್ಕಬ್ಯಾಡ. ಜನ ಕುಂತ್ಕಳೋ ಗಾಡಿ. ಕಿವಿ ಮ್ಯಾಲೆ ನಂಬ್ಕೆ ಇಲ್ಲ ಅಂದ್ರೆ ನಾ ಏನ್ ಮಾಡನ? ನಾಳೆಯಿಂದ ಬ್ಯಾರೆಯೋರು ಬತ್ತಾರೆ.”

ಡ್ರೈವರಣ್ಣ ಆಯಿತು ಬುದ್ಧಿ ಎಂದು ತಲೆಯಾಡಿಸಿ ಸೀಟಿಗೆ ಹತ್ತಿದರು. ಅವರ ಎರಡು ಕೈಗಳೂ ಸ್ಟಿಯರಿಂಗಿನ ಮೇಲೆ ಸುಮ್ಮನೆ ಕೂತದ್ದನ್ನು ನೋಡಿ ನನಗೆ ಅಳು ಬಂತು. ಕೀ ತಿರುಗಿಸಿದರು. ಬ್ಯಾಟರಿ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಇನ್ನೇನು, ತಳ್ಳಬೇಕು. ಗಂಡಸರೆಲ್ಲ ಹಿಂದೆ ಬಂದರು. ತನ್ನ ಬಸ್ಸು ತಾನು ತಳ್ಳದಿದ್ದರೆ ಹೇಗೆ ಎಂದು ಸಾಹುಕಾರರೂ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ನನ್ನ ಪಕ್ಕ ನಿಂತರು. ಐಸಾ ಎಂದು ನೂಕಿದೆವು. ಬಸ್ಸು ಇಪ್ಪತ್ತು ಮಾರು ಹೋಗಿ ಗುಡುಗುಟ್ಟಿ ಹೊಗೆ ಉಗುಳಿ ಶುರುವಾಯಿತು. ಡ್ರೈವರಣ್ಣ ಬ್ರೇಕು ಹಾಕಿ, ಎಂಜಿನ್ ಆರದಂತೆ ಆಕ್ಸಿಲೇಟರ್ ಒತ್ತಿಕೊಂಡೇ ನಿಂತರು. ಜನ ಓಡಿಹೋಗಿ ಹತ್ತಿದರು. ಸಾಹುಕಾರರು ಚಪ್ಪಲಿ ಹಾಕಿಕೊಳ್ಳಲು ತೊಟ್ಟಿಯ ಕಡೆ ನಡೆದರು. ಇನ್ನೊಂದೇ ಒಂದು ದಿನ ಕೊಡಿ ಬುದ್ಧಿ ಎಂದು ಬೇಡಿಕೊಳ್ಳುತ್ತ ನಾನು ಅವರ ಹಿಂದೆ ಹೋದೆ.

ಆಗ ಯಾರೋ ಬಾಗಿಲನ್ನು ದಡಾರನೆ ಬಡಿದರು.

ಪೀ, ಪೀ.

ಸಾಹುಕಾರರ ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಗಾಳಿಯಲ್ಲಿ ನಿಂತಿತು. ಅವರು ನನ್ನ ಬಾಯಿ ನೋಡಿದರು. ಆಮೇಲೆ ಜೇಬಿಗೆ ಕೈ ಹಾಕಿ ನೋಡಿದರು. ವಿಸಲ್ ಅಲ್ಲೇ ಇತ್ತು. ಆಗ ನನಗೆ ಹೊಳೆಯಿತು. ಎಂಜಿನ್ ಗುಡುಗುಟ್ಟಬೇಕು, ಬಾಗಿಲು ಬಡಿಯಬೇಕು, ಆಮೇಲೆಯೇ ಅವನ ಸರದಿ. ಸುಮ್ಮನೆ ಬಿದ್ದ ದನವನ್ನು ಯಾರಾದರೂ ಹೊಡೆಯುತ್ತಾರೆಯೇ?

ಇಷ್ಟನ್ನು ನಾನು ಯೋಚಿಸಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಎರಡು ಬಿದ್ದ ಮೇಲೆ ಡ್ರೈವರಣ್ಣ ಹಿಂದೆ ನೋಡುವವರಲ್ಲವಲ್ಲ. ಕೆಲಸದ ಕೊನೆಯ ದಿನವೆಂದು ನೇಮ ಬಿಡುವವರೂ ಅಲ್ಲ.

ನಾವಿಬ್ಬರೂ ಓಡಿದೆವು. ಸಾಹುಕಾರರು ಒಂದೇ ಚಪ್ಪಲಿಯಲ್ಲಿ, ಪಂಚೆ ಮೊಣಕಾಲಿನ ಮೇಲೆ, ಕೊಡೆ ಮುಂದಕ್ಕೆ ಚಾಚಿಕೊಂಡು. ನಮ್ಮ ತಲೆಯ ಮೇಲೆ ಭೀಮರಾಜ, ಬಾಲದ ಎರಡು ಬಿಲ್ಲೆ ಕುಣಿಸುತ್ತ, ಹುಳ ಹಿಡಿಯುತ್ತ. ಹಿಂದಿನ ಗಾಜಿನಲ್ಲಿ ಮತ್ತೆ ಅದೇ ಒಂದು ಸಾಲು ಮುಖಗಳು.

“ವಿಸಲ್ ಊದಿ ಸಾವ್ಕಾರ್ರೆ,” ಎಂದು ಕೂಗಿದೆ.

ಅವರು ಓಡುತ್ತಲೇ ತೆಗೆದು ಊದಿದರು. ಗಾಬರಿಯಲ್ಲಿ ಎರಡು ಊದಿದರು. ಡ್ರೈವರಣ್ಣ ಗೇರು ಬದಲಾಯಿಸಿ ಇನ್ನಷ್ಟು ಜೋರಾಗಿ ಬಿಟ್ಟರು.

“ಒಂದು, ಬುದ್ಧಿ, ಒಂದೇ ಒಂದು.”

ಅವರು ನಿಂತು, ಸೊಂಟ ಹಿಡಿದು, ಇದ್ದ ಉಸಿರನ್ನೆಲ್ಲ ಕೂಡಿಸಿ ಉದ್ದಕ್ಕೆ ಒಂದು ಊದಿದರು. ಅಷ್ಟು ಹೊತ್ತಿಗೆ ಬಸ್ಸು ತಿರುವಿನ ಹತ್ತಿರ, ಮಾತಾಡಿದರೆ ಕೇಳಿಸದಷ್ಟು ದೂರದಲ್ಲಿತ್ತು. ಊದಿದ ಕ್ಷಣವೇ ಗಕ್ಕನೆ ನಿಂತಿತು.

ಬಸ್ಸು ತಲುಪಿದ ಮೇಲೆ ಸಾಹುಕಾರರು ಬಾಗಿಲ ಕಂಬಿ ಹಿಡಿದು ನಿಂತರು. ಯಾರೋ ನೀರು ಕೊಟ್ಟರು. ಕುಡಿದು, ಡ್ರೈವರಣ್ಣನ ಕಡೆ ಕೈ ತೋರಿಸಿ ಇಷ್ಟೇ ಹೇಳಿದರು.

“ಇವ್ನ ಕಿವಿ ನಂಗಿದ್ದಿದ್ರೆ ಯಾಪಾರದಲ್ಲಿ ಎಲ್ಲೋ ಇರ್ತಿದ್ದೆ. ನಾಳೆ ಯಾರೂ ಬರಾಕಿಲ್ಲ. ನೀನೇ ಓಡ್ಸು.”

ಭೀಮರಾಜನ ಹೆಸರನ್ನು ಡ್ರೈವರಣ್ಣನ ಎದುರು ಯಾರೂ ಎತ್ತಲಿಲ್ಲ. ಬೂರುಗದ ಮರದ ಹತ್ತಿರ ಮಾತ್ರ ಇನ್ನು ಮುಂದೆ ವಿಸಲ್ ಬೇಡ, ಬಸ್ಸಿನ ತಗಡು ತಟ್ಟಿದರೆ ಸಾಕು ಎಂದು ಸಾಹುಕಾರರು ಅಪ್ಪಣೆ ಕೊಟ್ಟರು. ಅವರ ಇನ್ನೊಂದು ಚಪ್ಪಲಿ ಸಿಗಲಿಲ್ಲ.

ಹನೂರಿನಲ್ಲಿ ಊಟಕ್ಕೆ ಕೂತೆವು. ಸಾಹುಕಾರರು ಬೇರೆ ಗಾಡಿ ಹಿಡಿದು ಕೊಳ್ಳೇಗಾಲಕ್ಕೆ ಹೋಗಿಯಾಗಿತ್ತು. ಕೆಲಸ ಉಳಿದಿತ್ತು, ಇನ್ನು ನಾನು ಸುಮ್ಮನಿದ್ದರೂ ಯಾರಿಗೂ ನಷ್ಟವಿರಲಿಲ್ಲ. ಆದರೆ ಅವರು ಕ್ಯಾರಿಯರ್ ಬಿಚ್ಚಿ ಮೊದಲು ನನ್ನ ತಟ್ಟೆಗೆ ಬಡಿಸಿದಾಗ ನನ್ನಿಂದ ತಡೆಯಲಾಗಲಿಲ್ಲ.

“ಅಣ್ಣ, ಸಾವ್ಕಾರ್ರಿಗೆ ಆ ಕಾಗ್ದ ಬರ್ದಿದ್ದು ನಾನು. ನಿಮ್ಗೆ ಕಿವಿ ಓಗದೆ ಅಂತ.”

“ಗೊತ್ತು,” ಎಂದರು, ಮುದ್ದೆ ಮುರಿಯುತ್ತ. “ಅವತ್ತು ಅವ್ರು ಕನ್ನಡಕ ಮನೇಲಿ ಬುಟ್ಟು ಬಂದಿದ್ರು. ಓದಪ್ಪ ಅಂತ ನನ್ ಕೈಗೇ ಕೊಟ್ರು. ನಿಂತ್ಕಂಡು ಓದ್ದೆ.”

ಕಿವಿ ಹೋಗಿದೆ, ಅಹಂಕಾರ ಜಾಸ್ತಿಯಾಗಿದೆ ಎಂಬುದನ್ನೆಲ್ಲ ಆ ಮನುಷ್ಯ ತನ್ನ ಬಾಯಿಂದಲೇ, ಅಂಗಡಿಯಲ್ಲಿ ನಿಂತು, ಗಟ್ಟಿಯಾಗಿ ಓದಿದ್ದರು.

“ಪೂರ್ತಿ ಓದುದ್ರಾ?”

“ಕೊನೇ ಸಾಲು ಒಂದ ಬುಟ್ಬುಟ್ಟೆ. ನನ್ನ ಇಳುಸ್ದೆ ಓದ್ರೆ ನೀನು ಕೆಲ್ಸ ಬುಡ್ತೀನಿ ಅಂತ ಬರ್ದಿದ್ಯಲ್ಲ, ಅದ. ಓದಿದ್ರೆ ಬುಡ್ಲಿ ಅಂತ ಅಲ್ಲೇ ಅಂದ್ಬುಡೋರು. ಅವ್ರ ಬಾಯಿ ನಿಂಗ್ ಗೊತ್ತಿಲ್ವ. ಮನೇಲಿ ಸಣ್ ಮಕ್ಳು ಮಡೀಕಂಡಿದ್ದೀಯ.”

ನಾನು ತಲೆ ತಗ್ಗಿಸಿದೆ. ತಗ್ಗಿಸಿದರೂ ಕಣ್ಣೀರು ತಟ್ಟೆಗೆ ಬೀಳುವುದು ಕಾಣುತ್ತಿತ್ತು. ಅವರು ನನ್ನ ಕಡೆ ನೋಡದೆ, ಸಾರಿಗೆ ಬೆರಳದ್ದಿ ನೆಕ್ಕಿ, ಬಸ್‌ಸ್ಟ್ಯಾಂಡಿನ ಕಡೆ ನೋಡಿಕೊಂಡು ಕೇಳಿದರು.

“ಕಾರ ಜಾಸ್ತಿ ಆಯ್ತೇನ್ಲಾ?”

“ಊಂ ಅಣ್ಣ,” ಎಂದೆ.